ಏಳು ಜನ ಮಾಸ್ತರರ ಹೈಸ್ಕೂಲು

ಕೇಳುಗರೇ, ನಮಸ್ಕಾರ.

ಬೆಳಗಾವಿಯಲ್ಲಿ ಜಿ.ಎ. ಹೈಸ್ಕೂಲು ಅಂದರೆ ಸಾಕು, ಆಟೋದವರು ಸೀದಾ ತಂದು ಬಿಡುತ್ತಾರೆ. ಆದರೆ ಅದನ್ನು ಕಟ್ಟಿದವರು ಯಾರು ಅಂತ ಕೇಳಿ ನೋಡಿ. ಅಲ್ಲೇ ಓದಿದವರೂ ಒಂದೆರಡು ಹೆಸರು ಹೇಳಿ ಸುಮ್ಮನಾಗುತ್ತಾರೆ.

ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಕಟ್ಟೀಮನಿ, ಪಾಟೀಲ. ಇದನ್ನು ಕಟ್ಟಿದ ಈ ಏಳು ಜನ ಮಾಸ್ತರರನ್ನು ಜನ ಸಪ್ತರ್ಷಿಗಳು ಅಂತಲೇ ಕರೆದರು. 1916ರ ನವೆಂಬರ್ 13ರಂದು ಕೆ.ಎಲ್.ಇ., ಅಂದರೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಈ ಹೈಸ್ಕೂಲಿನಿಂದಲೇ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೆಟ್ರಿಕ್ ಪರೀಕ್ಷೆಯೂ ಮುಂಬಯಿ ವಿಶ್ವವಿದ್ಯಾಲಯದ್ದೇ. ಊರಲ್ಲಿ ಬೇರೆ ಹೈಸ್ಕೂಲು ಇರಲಿಲ್ಲ ಅಂತಲ್ಲ, ಮಿಷನರಿಗಳದ್ದಿತ್ತು, ಸರದಾರ್ ಹೈಸ್ಕೂಲಿತ್ತು. ಆದರೆ ಹಳ್ಳಿಯಿಂದ ಬರುವ ಕನ್ನಡದ ಹುಡುಗನಿಗೆ ಹೈಸ್ಕೂಲು ಅನ್ನೋದು ಬಲು ದೂರದ ಮಾತಾಗಿತ್ತು.

ದುಡ್ಡಿದ್ದವರು ಶಾಲೆ ಕಟ್ಟಿ ಮಾಸ್ತರರನ್ನು ನೇಮಿಸುವುದು ರೂಢಿ, ಅಲ್ವಾ? ಇಲ್ಲಿ ಮಾಸ್ತರರೇ ಮೊದಲು ಬಂದರು, ದುಡ್ಡು ಆಮೇಲೆ ಬಂತು. ಡಿಗ್ರಿ ಓದಿದವರಿಗೆ ಸರ್ಕಾರಿ ನೌಕರಿ ಸಿಗುತ್ತಿದ್ದ ಕಾಲದಲ್ಲಿ, ಅದನ್ನೆಲ್ಲ ಬಿಟ್ಟು, ಕಡಿಮೆ ಸಂಬಳಕ್ಕೆ ಇಲ್ಲೇ ಬಾಳು ಸವೆಸಿದರು. ಪಾಠ ಮಾಡುತ್ತಲೇ ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದರು. ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿಯಾಗುವುದು ಇದಕ್ಕೇ.

ಹೈಸ್ಕೂಲಿನ ಹೆಸರಿನಲ್ಲಿರುವ ಜಿ.ಎ. ಅಂದರೆ ಗಿಲಗಂಚಿ ಗುರುಸಿದ್ದಪ್ಪ ಮತ್ತು ಅರಟಾಳ ರುದ್ರಗೌಡರು. ಬಡ ಹುಡುಗರ ಓದಿಗಾಗಿ 1883ರಲ್ಲೇ ಧಾರವಾಡದಲ್ಲಿ ನಿಧಿ ಕೂಡಿಸಿದವರು. ಮುಂದೆ 1933ರಲ್ಲಿ ಕೆ.ಎಲ್.ಇ. ಸಂಸ್ಥೆಯದ್ದೇ ಲಿಂಗರಾಜ ಕಾಲೇಜು ಬಂತು, ಅದು ಶಿರಸಂಗಿಯ ದೇಸಾಯಿ ಲಿಂಗರಾಜರ ಹೆಸರಿನದು.

ಶಾಲೆಯೊಂದೇ ಇದ್ದರೆ ಸಾಕೇ? ಹಳ್ಳಿ ಹುಡುಗ ಉಳಿಯುವುದೆಲ್ಲಿ, ಉಣ್ಣುವುದೇನು? ನಾಗನೂರು ಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ನಡೆಸಿದರು. ಆ ಅನ್ನ ಉಂಡು ಓದಿದವರು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿದ್ದಾರೆ. ಹೈಸ್ಕೂಲಿನ ಚರಿತ್ರೆ ಬರೆಯುವವರು ಈ ಅಡುಗೆಮನೆಗಳನ್ನೂ ಬರೆಯಬೇಕು.

ಈಗೀಗ ನಮ್ಮ ಕಡೆ ಹಳೆಯ ಬ್ಯಾಚಿನವರು ಸೇರಿ ಗುರುವಂದನೆ ಮಾಡುತ್ತಾರೆ. ಶಾಲು, ಹಾರ, ಫೋಟೋ, ಊಟ. ಒಳ್ಳೆಯದೇ, ನಿವೃತ್ತ ಮಾಸ್ತರರ ಕಣ್ಣು ತುಂಬಿ ಬರುತ್ತದೆ. ಜೊತೆಗೆ ಇನ್ನೊಂದು ಕೆಲಸ ಮಾಡಿ. ಆ ಮಾಸ್ತರರನ್ನು ಕೂರಿಸಿಕೊಂಡು ಫೋನಿನಲ್ಲಿ ಅವರ ನೆನಪು ರೆಕಾರ್ಡ್ ಮಾಡಿಕೊಳ್ಳಿ: ಗ್ಯಾದರಿಂಗ್‌ನಲ್ಲಿ ಆಡಿದ ನಾಟಕ, ಫೀ ಕಟ್ಟಲಾಗದ ಹುಡುಗನಿಗೆ ಯಾರು ಕಟ್ಟಿದರು ಅನ್ನೋದು, ಎಲ್ಲವನ್ನೂ. ಅಜ್ಜನ ಟ್ರಂಕಿನಲ್ಲಿ ಹಳೆಯ ವಾರ್ಷಿಕ ಸಂಚಿಕೆಯೋ, ಮೆಟ್ರಿಕ್ ಸರ್ಟಿಫಿಕೇಟೋ ಇದ್ದರೆ ರದ್ದಿಗೆ ಹಾಕಬೇಡಿ. ಒಂದು ಪ್ರತಿ ಮಾಡಿಸಿ ಶಾಲೆಯ ಲೈಬ್ರರಿಗೆ ಕೊಟ್ಟು ಬನ್ನಿ.

ನಮಸ್ಕಾರ.