ಚೆನ್ನಾಗಿರುವ ಕಣ್ಣನ್ನೇ ಮುಚ್ಚಬೇಕಿತ್ತು

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಣ್ಣಿನ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಹೆಡ್‌ಮೇಡಂ ಕರೆದರು. ನಾನೇನು ಡಾಕ್ಟರ್ ಅಲ್ಲ. ನಿಮ್ಮ ಹಾಗೆ ದಾವಣಗೆರೆಯಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ತಾಯಿ. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಮಗಳಿಗೆ ಆಗ ಐದು ವರ್ಷ. ಅವಳ ಅಣ್ಣ ಪೊರಕೆ ಕಡ್ಡಿಯಲ್ಲಿ ಬಿಲ್ಲು ಬಾಣ ಮಾಡಿಕೊಂಡಿದ್ದ. ಬಾಣ ಎಡಗಣ್ಣಿಗೆ ತಾಗಿತು. ರಕ್ತ ಕಾಣಲಿಲ್ಲ, ಸುಮ್ನೆ ನೀರು ಸುರಿಯುತ್ತಿತ್ತು. ಪಕ್ಕದ ಮನೆಯವರು ಎದೆಹಾಲು ಬಿಡಿ ಅಂದರು, ಇನ್ನೊಬ್ಬರು ಹರಳೆಣ್ಣೆ ಅಂದರು. ಪುಣ್ಯಕ್ಕೆ ಎರಡನ್ನೂ ಹಾಕಲಿಲ್ಲ. ಚೂಪಾದದ್ದು ಚುಚ್ಚಿದ ಕಣ್ಣನ್ನು ತೊಳೆಯಬಾರದು, ಉಜ್ಜಬಾರದು, ಬಟ್ಟೆ ಒತ್ತಿ ಕಟ್ಟಬಾರದು. ಕಾಗದದ ಲೋಟದ ತಳದ ಭಾಗ ಕತ್ತರಿಸಿಕೊಂಡು, ಅದನ್ನು ಕಣ್ಣಿಗೆ ತಾಗದ ಹಾಗೆ ಮೇಲೆ ಮುಚ್ಚಿ ಆಸ್ಪತ್ರೆಗೆ ಓಡಬೇಕು.

ನಾವು ಮಾಡಿದ ತಪ್ಪು ಬೇರೆ. ಅಳು ನಿಲ್ಲಲಿ ಅಂತ ಅತ್ತೆ ಒಂದು ಲೋಟ ಹಾಲು ಕುಡಿಸಿಬಿಟ್ಟರು. ಇಷ್ಟು ಸಣ್ಣ ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಮಾಡೋದು. ಹಾಲು ಕುಡಿದಿದ್ದರೆ ಆರು ಗಂಟೆ ಬಿಡಬೇಕಂತೆ. ಕಾದೆವು. ಅತ್ತೆ ಆವತ್ತು ಯಾರ ಮುಖವನ್ನೂ ನೋಡಲಿಲ್ಲ.

ಕರಿಗುಡ್ಡೆ ಮೇಲಿನ ಗಾಜಿನಂಥ ಪದರಕ್ಕೆ, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಹೊಲಿಗೆ ಹಾಕಿದರು. ಕಡ್ಡಿ ಒಳಗಿನ ಲೆನ್ಸಿಗೂ ತಾಗಿತ್ತು. ಅಜ್ಜ ಅಜ್ಜಿಯರಿಗೆ ಬರುವ ಪೊರೆ ನಮ್ಮ ಐದು ವರ್ಷದವಳಿಗೆ ಬಂತು. ಕೆಲವು ವಾರ ಬಿಟ್ಟು ಇನ್ನೊಂದು ಆಪರೇಷನ್. ಪೊರೆ ತೆಗೆದು ಲೆನ್ಸ್ ಹಾಕಿದರು. ಕಣ್ಣು ಈಗ ಸರಿಯಾಗಿದೆ ಅಂದರು. ಆದರೂ ಅವಳಿಗೆ ಕಾಣುತ್ತಿರಲಿಲ್ಲ!

ಯಾಕೆ ಅಂದರೆ, ನೋಡೋದು ಕಣ್ಣಷ್ಟೇ ಅಲ್ಲ, ಮಿದುಳು ಕೂಡ. ಏಳೆಂಟು ವರ್ಷದವರೆಗೆ ಅದು ನೋಡೋದನ್ನು ಕಲಿಯುತ್ತಲೇ ಇರುತ್ತದೆ. ಒಂದು ಕಣ್ಣಿಂದ ಮಸುಕು ಚಿತ್ರ ಬಂದರೆ ಅದನ್ನು ಕೈಬಿಟ್ಟು, ಚೆನ್ನಾಗಿರುವ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಅದಕ್ಕೆ ಬಲಗಣ್ಣಿಗೆ ಪ್ಯಾಚ್ ಅಂಟಿಸಿ, ಎಡಗಣ್ಣಿಂದ ಕೆಲಸ ಮಾಡಿಸಬೇಕು. ನಮಗೆ ಹೇಳಿದ್ದು ದಿನಕ್ಕೆ ಎರಡು ಗಂಟೆ.

ಎರಡು ಗಂಟೆ ಅಂದರೆ ಸುಲಭ ಅನಿಸುತ್ತೆ, ಅಲ್ವಾ? ಮೊದಲ ವಾರ ಪ್ಯಾಚ್ ಕಿತ್ತು ಗೋಡೆಗೆ ಅಂಟಿಸಿದಳು. ಚೆನ್ನಾಗಿ ಕಾಣುವ ಕಣ್ಣನ್ನು ಅಮ್ಮನೇ ಮುಚ್ಚಿದರೆ ಯಾವ ಮಗು ಸುಮ್ಮನಿರುತ್ತೆ? ಕೊನೆಗೆ ದಾರಿ ತೋರಿಸಿದ್ದು ಮಂಡಕ್ಕಿ. ತಟ್ಟೆ ತುಂಬ ಮಂಡಕ್ಕಿ ಸುರಿದು, ಶೇಂಗಾ, ಪುಟಾಣಿ ಬೆರೆಸಿ ಮುಂದಿಡುತ್ತಿದ್ದೆ. ಶೇಂಗಾ ಆರಿಸಿದರೆ ಶೇಂಗಾ ಅವಳದ್ದೇ. ಮೊದಮೊದಲು ಮೂಗು ತಟ್ಟೆಗೆ ತಾಗುತ್ತಿತ್ತು. ಮಂಡಕ್ಕಿಯನ್ನೇ ಹಿಡಿದು ಶೇಂಗಾ ಅಂತ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಪುಟಾಣಿಯ ಸಿಪ್ಪೆ ಕೂಡ ಬೇರೆ ಮಾಡಿದಳು. ಆ ಮಂಡಕ್ಕಿ ಖರ್ಚು ಮಾತ್ರ ಕೇಳಬೇಡಿ.

ಕನ್ನಡಕವೂ ಬಂತು. ಹಾಕಿದ ಲೆನ್ಸ್ ಹತ್ತಿರ ದೂರಕ್ಕೆ ತಾನಾಗಿ ಹೊಂದಿಕೊಳ್ಳಲ್ಲ. ಹಾಗಾಗಿ ಓದೋಕೆ ಕೆಳಗೊಂದು ಗೆರೆ ಇರುವ ಕನ್ನಡಕ. ಕ್ಲಾಸಲ್ಲಿ ಅಜ್ಜಿ ಕನ್ನಡಕ ಅಂತ ರೇಗಿಸಿದರು. ಗಾಜಿನದ್ದು ಬೇಡ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಹಾಕಿಸಿ, ಬಲಗಣ್ಣನ್ನೂ ಕಾಪಾಡಬೇಕಲ್ಲ ಅಂದಿದ್ದರು ಡಾಕ್ಟರ್. ಅಪರೂಪಕ್ಕೆ ಗಾಯವಾದ ಕಣ್ಣಿನ ದೆಸೆಯಿಂದ ಒಳ್ಳೆಯ ಕಣ್ಣಿಗೂ ಉರಿಯೂತ ಬರುತ್ತಂತೆ, ವರ್ಷಗಳು ಕಳೆದ ಮೇಲೂ. ಅದಕ್ಕೇ ತಪಾಸಣೆ ಬಿಟ್ಟಿಲ್ಲ.

ಈಗ ಅವಳಿಗೆ ಒಂಬತ್ತು. ಎಡಗಣ್ಣಲ್ಲಿ ಪಠ್ಯಪುಸ್ತಕ ಓದುತ್ತಾಳೆ. ಆದರೆ ಲೋಟಕ್ಕೆ ನೀರು ಬಗ್ಗಿಸುವಾಗ ಈಗಲೂ ಒಂದು ಬೆರಳಲ್ಲಿ ಲೋಟದ ಅಂಚು ಮುಟ್ಟಿ ನೋಡಿಕೊಂಡೇ ಬಗ್ಗಿಸುತ್ತಾಳೆ.