ಟಾಮ್ ಫಿನ್ನಿ: ವಾರಕ್ಕೆ 14 ಪೌಂಡಿನ ಮಹಾ ಆಟಗಾರ

ಎಲ್ಲರಿಗೂ ನಮಸ್ಕಾರ.

1952ರ ಮೇ ತಿಂಗಳು. ಇಂಗ್ಲೆಂಡ್ ಫುಟ್‌ಬಾಲ್ ತಂಡ ಫ್ಲಾರೆನ್ಸ್‌ನಲ್ಲಿ ಇಟಲಿ ವಿರುದ್ಧ ಆಡಿ 1-1 ಡ್ರಾ ಮಾಡಿಕೊಂಡಿತ್ತು. ಆ ಪ್ರವಾಸದಲ್ಲೇ ತಂಡದ ಆಟಗಾರ ಟಾಮ್ ಫಿನ್ನಿ ಅವರನ್ನು ಸಿಸಿಲಿಯ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷರು ಭೇಟಿಯಾದರು. ನಮ್ಮಲ್ಲಿಗೆ ಬನ್ನಿ ಎಂದರು. ಸಹಿ ಹಾಕಿದರೆ 10,000 ಪೌಂಡ್, ತಿಂಗಳಿಗೆ 130 ಪೌಂಡ್ ಸಂಬಳ, ಮೇಲೆ ಬೋನಸ್, ಇರೋದಕ್ಕೆ ಬಂಗಲೆ, ಓಡಾಡೋದಕ್ಕೆ ಕಾರು.

ಆಗ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಆಟಗಾರನಿಗೂ ವಾರಕ್ಕೆ 14 ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವಂತಿರಲಿಲ್ಲ. ಫುಟ್‌ಬಾಲ್ ಲೀಗಿನ ನಿಯಮವೇ ಹಾಗಿತ್ತು. ಲೆಕ್ಕ ಹಾಕಿ ನೋಡಿ. ಪಲೆರ್ಮೊ ಒಂದು ಸಹಿಗೆ ಕೊಡುತ್ತೇನೆ ಎಂದ ಹಣ ಫಿನ್ನಿ ಅವರ ಹದಿಮೂರು ವರ್ಷದ ಸಂಬಳಕ್ಕಿಂತ ಹೆಚ್ಚು. ಅವರು ಊರಿಗೆ ಬಂದು ತಾವು ಆಡುತ್ತಿದ್ದ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಅಧ್ಯಕ್ಷರನ್ನು ಕೇಳಿದರು. ನಮಗೆ ಆಡದಿದ್ದರೆ ನೀನು ಇನ್ಯಾರಿಗೂ ಆಡುವ ಹಾಗಿಲ್ಲ, ಅನ್ನುವ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು.

ಫಿನ್ನಿ ಅವರ ಬಗ್ಗೆ ಬರೆಯುವವರೆಲ್ಲ ಒಂದೇ ಕ್ಲಬ್ಬಿಗೆ ಕೊನೆತನಕ ಆಡಿದರು, ಎಂಥ ನಿಷ್ಠೆ ಎಂದು ಹೊಗಳುತ್ತಾರೆ. ಅವರಿಗೆ ಪ್ರೆಸ್ಟನ್ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವೇ ಬೇಡ. ಆದರೆ ನನಗೆ ಆ ಹೊಗಳಿಕೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆಗ ಒಪ್ಪಂದದ ಅವಧಿ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಬಿಡದೆ ಅವನು ಬೇರೆ ಕಡೆ ಹೋಗುವಂತಿರಲಿಲ್ಲ. ಬಾಗಿಲು ಹಾಕಿಟ್ಟ ಮೇಲೆ ಒಳಗಿರುವವರನ್ನು ನಿಷ್ಠಾವಂತರು ಅಂದರೆ ಅದು ನ್ಯಾಯವಲ್ಲ, ಅಲ್ವಾ?

ಅವರು ಹುಟ್ಟಿದ್ದು 1922ರಲ್ಲಿ, ಪ್ರೆಸ್ಟನ್‌ನಲ್ಲೇ. ಕ್ಲಬ್ಬಿನ ಡೀಪ್‌ಡೇಲ್ ಮೈದಾನ ಮನೆಗೆ ಹತ್ತಿರ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ಹುಡುಗ ಸಣ್ಣಗೆ, ಕುಳ್ಳಗೆ ಇದ್ದ. ಕ್ಲಬ್ಬಿನವರು ಹದಿಹರೆಯದಲ್ಲೇ ಕರೆದಾಗ ತಂದೆ ಕೂಡಲೇ ಹೂಂ ಅನ್ನಲಿಲ್ಲ. ಮೊದಲು ಪ್ಲಂಬಿಂಗ್ ಕೆಲಸ ಪೂರ್ತಿ ಕಲಿ, ಫುಟ್‌ಬಾಲ್ ಜೊತೆಜೊತೆಗೆ ಇರಲಿ ಎಂದರು. ಆ ತಂದೆಯ ಮೇಲೆ ನನಗೆ ಬಹಳ ಗೌರವ. ಕಾಲು ಮುರಿದರೆ ಆಟ ಮುಗಿಯುತ್ತದೆ, ಕೈಕಸುಬು ಉಳಿಯುತ್ತದೆ ಅನ್ನುವುದು ದುಡಿಯುವ ಮನೆಯವರಿಗೆ ಚೆನ್ನಾಗಿ ಗೊತ್ತು.

1940ರಲ್ಲಿ ಫಿನ್ನಿ ವೃತ್ತಿಪರ ಆಟಗಾರರಾದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಈಜಿಪ್ಟ್ ಮತ್ತು ಇಟಲಿಯಲ್ಲಿ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿ ಅವರ ಎಂಟನೇ ಸೇನೆಯಲ್ಲಿದ್ದರು, ಟ್ಯಾಂಕ್ ಓಡಿಸಿದರು. ಹೀಗಾಗಿ ಲೀಗಿನಲ್ಲಿ ಮೊದಲ ಪಂದ್ಯ ಆಡುವಾಗ ಅವರಿಗೆ ಆಗಲೇ 24 ವರ್ಷ. ಒಬ್ಬ ಆಟಗಾರನ ಮೈ ಹಗುರಾಗಿ ಓಡುವ ವರ್ಷಗಳೇ ಹೋಗಿಬಿಟ್ಟಿದ್ದವು. ಆದರೂ ಕೆಲವೇ ವಾರಗಳಲ್ಲಿ, 1946ರ ಸೆಪ್ಟೆಂಬರ್‌ನಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಇಂಗ್ಲೆಂಡ್ ಪರ ಆಡಿ ಗೋಲು ಹೊಡೆದರು.

ಅವರ ಆಟ ಹೇಗಿತ್ತು? ಹುಟ್ಟಾ ಎಡಗಾಲಿನವರು. ಬಲಗಾಲನ್ನು ಸಾಧನೆಯಿಂದ ಪಳಗಿಸಿಕೊಂಡರು. ಬಲ ವಿಂಗ್ (ಅಂದರೆ ಮೈದಾನದ ಬಲ ಅಂಚು), ಎಡ ವಿಂಗ್, ಆಮೇಲೆ ಸೆಂಟರ್ ಫಾರ್ವರ್ಡ್, ಎಲ್ಲಿ ನಿಲ್ಲಿಸಿದರೂ ಸೈ. ಎದುರಿನ ಡಿಫೆಂಡರ್‌ಗೆ ಇವರು ಒಳಗೆ ತಿರುಗುತ್ತಾರೋ ಗೆರೆಯ ಕಡೆ ಓಡುತ್ತಾರೋ ಗೊತ್ತಾಗುತ್ತಿರಲಿಲ್ಲ, ಯಾಕಂದರೆ ಎರಡೂ ಕಾಲು ಒಂದೇ ಸಮ. ಆ ಕಾಲದ ಇನ್ನೊಬ್ಬ ಮಾಂತ್ರಿಕ ಸ್ಟ್ಯಾನ್ಲಿ ಮ್ಯಾಥ್ಯೂಸ್ ಬಲ ವಿಂಗ್‌ನವರು. ಇಬ್ಬರಲ್ಲಿ ಯಾರನ್ನು ಆಡಿಸಬೇಕು ಎಂದು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಜಗಳ. 1947ರಲ್ಲಿ ಲಿಸ್ಬನ್‌ನಲ್ಲಿ ಇಬ್ಬರನ್ನೂ ಇಳಿಸಿದರು, ಫಿನ್ನಿ ಎಡಕ್ಕೆ. ಇಂಗ್ಲೆಂಡ್ ಪೋರ್ಚುಗಲ್ಲನ್ನು 10-0 ಸೋಲಿಸಿತು! ಮ್ಯಾಥ್ಯೂಸ್ ಹೆಸರು ಹೆಚ್ಚು ದೂರ ಹೋಯಿತು ನಿಜ. ಆದರೆ ಗೋಲು ಹೊಡೆಯುವುದನ್ನೂ ಸೇರಿಸಿ ನೋಡಿದರೆ ನನ್ನ ಓಟು ಫಿನ್ನಿಗೆ. ಇಂಗ್ಲೆಂಡಿಗೆ 76 ಪಂದ್ಯಗಳಲ್ಲಿ 30 ಗೋಲು, ಪ್ರೆಸ್ಟನ್‌ಗೆ ಲೀಗಿನಲ್ಲಿ 433 ಪಂದ್ಯ, 187 ಗೋಲು. ಅದೂ ಬಹುಪಾಲು ವಿಂಗ್‌ನಲ್ಲಿ ನಿಂತು. ಇಷ್ಟು ಆಡಿಯೂ ಒಮ್ಮೆಯೂ ತಪ್ಪಾಟಕ್ಕೆ ಎಚ್ಚರಿಕೆ ಪಡೆದವರ ಹೆಸರು ಬರೆಯುವ ರೆಫರಿಯ ಪುಸ್ತಕದಲ್ಲಿ ಅವರ ಹೆಸರು ಬರಲಿಲ್ಲ.

ದೊಡ್ಡ ಟ್ರೋಫಿ ಮಾತ್ರ ಕೈಗೆ ಸಿಗಲಿಲ್ಲ. 1951ರಲ್ಲಿ ಎರಡನೇ ಡಿವಿಷನ್ ಗೆದ್ದರು, ಅಷ್ಟೇ. 1953ರಲ್ಲಿ ಆರ್ಸೆನಲ್ ಮತ್ತು ಪ್ರೆಸ್ಟನ್ ಅಂಕಗಳಲ್ಲಿ ಸಮ. ಗೋಲುಗಳ ಸರಾಸರಿಯಲ್ಲಿ (ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿದ ಲೆಕ್ಕ) ಕೂದಲೆಳೆಯಷ್ಟು ವ್ಯತ್ಯಾಸ, ಲೀಗ್ ಆರ್ಸೆನಲ್ ಪಾಲಾಯಿತು. ಮರುವರ್ಷ ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್‌ನ ಫೈನಲ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್ ಎದುರು 3-2 ಸೋಲು. ಅವತ್ತು ಫಿನ್ನಿ ಅವರ ಆಟವೂ ನಡೆಯಲಿಲ್ಲ. ಆದರೂ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ 1954ರಲ್ಲಿ ಬಂತು, 1957ರಲ್ಲಿ ಮತ್ತೆ ಬಂತು. ಎರಡು ಸಲ ಅದನ್ನು ಪಡೆದ ಮೊದಲಿಗರು ಅವರೇ.

ಇಷ್ಟೆಲ್ಲ ಆಗುವಾಗಲೂ ಪ್ಲಂಬಿಂಗ್ ಬಿಡಲಿಲ್ಲ. ತಮ್ಮದೇ ವ್ಯವಹಾರ ಶುರು ಮಾಡಿದ್ದರು, ತರಬೇತಿ ಮುಗಿಸಿ ಆ ಕೆಲಸ ನೋಡುತ್ತಿದ್ದರು. ಜನ ಪ್ರೀತಿಯಿಂದ ಪ್ರೆಸ್ಟನ್ ಪ್ಲಂಬರ್ ಎಂದರು. ಇದನ್ನು ಸುಮ್ನೆ ಸರಳತೆಯ ಕಥೆ ಅಂದುಕೊಳ್ಳಬೇಡಿ. ಸಾವಿರಾರು ಜನ ಟಿಕೆಟ್ ಕೊಂಡು ನೋಡಲು ಬರುತ್ತಿದ್ದ ಆಟಗಾರನಿಗೆ ಪೈಪ್ ಕೆಲಸದ ಆಸರೆ ಬೇಕಿತ್ತು. ಟಿಕೆಟ್ಟಿನ ದುಡ್ಡು ಆಟಗಾರನವರೆಗೆ ಬರುತ್ತಿರಲಿಲ್ಲ.

1960ರ ಏಪ್ರಿಲ್ 30ರಂದು, ಲೂಟನ್ ವಿರುದ್ಧ, ಡೀಪ್‌ಡೇಲ್‌ನಲ್ಲೇ ಅವರು ವಿದಾಯ ಹೇಳಿದರು. ವಯಸ್ಸು 38, ತೊಡೆಸಂದಿಯ ನೋವು ಬಿಟ್ಟಿರಲಿಲ್ಲ. ಮರುವರ್ಷ ಪ್ರೆಸ್ಟನ್ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಅಲ್ಲಿಗೆ ಮತ್ತೆ ಹತ್ತಿಲ್ಲ.

ಅವರು ನಿವೃತ್ತರಾಗಿ ಒಂಬತ್ತು ತಿಂಗಳಿಗೆ, 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಮುಂದಾಳತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿತು. ಆಗ ವಾರಕ್ಕೆ 20 ಪೌಂಡ್ ಆಗಿದ್ದ ಸಂಬಳದ ಮಿತಿ ರದ್ದಾಯಿತು. ಸ್ವಲ್ಪ ದಿನದಲ್ಲೇ ಫುಲಾಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್. ನೋಂದಣಿಯ ಕಟ್ಟು ಸಡಿಲವಾಗಲು 1963 ಬರಬೇಕಾಯಿತು. ನ್ಯೂಕ್ಯಾಸಲ್ ತನ್ನನ್ನು ಬಿಡಲಿಲ್ಲ ಎಂದು ಆ ಕ್ಲಬ್ಬಿನ ಆಟಗಾರ ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿಗೆ ಹೋಗಿದ್ದರು. ಆಟಗಾರನನ್ನು ಹೀಗೆ ಹಿಡಿದಿಡುವುದು ನ್ಯಾಯವಲ್ಲ ಎಂದು ತೀರ್ಪು ಬಂತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಪಂದ್ಯಾವಳಿ ಯುರೋಪಿಯನ್ ಕಪ್‌ಗಾಗಿ ಬೆಲ್‌ಫಾಸ್ಟಿನ ಡಿಸ್ಟಿಲರಿ ತಂಡ ಫಿನ್ನಿ ಅವರನ್ನು ಕರೆಯಿತು. ಎದುರಾಳಿ ಪೋರ್ಚುಗಲ್‌ನ ಬೆನ್ಫಿಕಾ, ಎರಡು ಸಲ ಆ ಕಪ್ ಗೆದ್ದಿದ್ದ ತಂಡ, ಮಹಾ ಗೋಲುಗಾರ ಯುಸೇಬಿಯೊ ಅವರ ತಂಡ. ಈ ಸಲ ಯಾವ ಅಧ್ಯಕ್ಷರ ಅನುಮತಿಯೂ ಬೇಕಿರಲಿಲ್ಲ. 41ರ ವಯಸ್ಸಿನಲ್ಲಿ ಫಿನ್ನಿ ಬೂಟು ಕಟ್ಟಿ ಇಳಿದರು. ಪಂದ್ಯ 3-3 ಡ್ರಾ ಆಯಿತು.