ಇಳಿತಕ್ಕೆ ಹಕ್ಕಿ, ಭರತಕ್ಕೆ ಗಾಳ: ಶಿರಿಯ ಅಳಿವೆಯಲ್ಲಿ ಒಂದು ಬೆಳಗ್ಗೆ

ಈಗ ನೀವು ನೋಡುತ್ತಿರುವುದು ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಶಿರಿಯ ಅಳಿವೆ. ಹೊಳೆ ಕಡಲು ಸೇರುವ ಜಾಗ. ಏಪ್ರಿಲ್ ತಿಂಗಳು, ಬಿಸು ಹಬ್ಬ ಹತ್ತಿರ ಬಂತು. ಬೆಳಗ್ಗೆ ಏಳು ಗಂಟೆ, ನೀರು ಚೆನ್ನಾಗಿ ಇಳಿದಿದೆ. ಕೊರಳಲ್ಲಿ ಬೈನಾಕ್ಯುಲರ್ ಇದೆ, ಬೆನ್ನಿಗೆ ಗಾಳದ ಕೋಲೂ ಇದೆ. ಆದರೆ ಕೋಲನ್ನು ಈಗಲೇ ಬಿಚ್ಚುವುದಿಲ್ಲ.

ನೀರು ಇಳಿದಾಗ ಕೆಸರು, ಮರಳು ಎಲ್ಲ ಬಯಲಾಗುತ್ತದೆ. ಅದರೊಳಗಿನ ಹುಳ, ಸಣ್ಣ ಏಡಿ, ಚಿಪ್ಪು, ಇವೇ ದಡದ ಹಕ್ಕಿಗಳ ಊಟ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಇನ್ನೂ ಜಾಸ್ತಿ ಇಳಿಯುತ್ತದೆ. ಹಾಗಾಗಿ ಹಕ್ಕಿ ನೋಡಲು ಬರುವವರು ಇಳಿತದ ಹೊತ್ತಿಗೇ ಬನ್ನಿ.

ಸ್ವಲ್ಪ ಝೂಮ್ ಮಾಡುತ್ತೇನೆ. ಓಡಿ ಓಡಿ ನಿಲ್ಲುವ ಆ ಪುಟ್ಟ ಹಕ್ಕಿ ಸ್ಯಾಂಡ್ ಪ್ಲೋವರ್. ಚಳಿಗಾಲವಿಡೀ ಮರಳಿನ ಬಣ್ಣದಲ್ಲೇ ಇತ್ತು. ಈಗ ಎದೆಗೆ ಇಟ್ಟಿಗೆ ಬಣ್ಣ ಬಂದಿದೆ, ನೋಡಿ! ಅದರ ಪಕ್ಕದ್ದು ಗೋಲ್ಡನ್ ಪ್ಲೋವರ್, ಹೊಟ್ಟೆ ಕಪ್ಪಾಗುತ್ತಾ ಇದೆ. ಆಚೆ ಕೂತಿರುವ ಬ್ರೌನ್ ಹೆಡೆಡ್ ಗಲ್‌ಗೆ ಜನವರಿಯಲ್ಲಿ ತಲೆ ಬೆಳ್ಳಗಿತ್ತು, ಕಣ್ಣಿನ ಹಿಂದೆ ಒಂದು ಚುಕ್ಕೆ ಮಾತ್ರ. ಈಗ ತಲೆಯೆಲ್ಲ ಕಾಫಿ ಬಣ್ಣ. ನನಗೆ ಈ ತಿಂಗಳು ಇಷ್ಟವಾಗುವುದೇ ಇದಕ್ಕೆ. ಹೊರಡುವ ಮೊದಲು ಎಲ್ಲವೂ ಹೊಸ ಗರಿ ತೊಟ್ಟು ನಿಂತಿರುತ್ತವೆ.

ಹೋಗುವುದು ಎಲ್ಲಿಗೆ? ಸ್ಯಾಂಡ್ ಪ್ಲೋವರ್ ಮಧ್ಯ ಏಷ್ಯಾದ ಎತ್ತರದ ಬಯಲುಗಳ ಕಡೆಗೆ, ಗೋಲ್ಡನ್ ಪ್ಲೋವರ್ ಸೈಬೀರಿಯಾದ ಕಡೆಗೆ. ಅಷ್ಟು ದೂರ ಹಾರಲು ಬೇಕಾದ ಕೊಬ್ಬನ್ನು ಇಲ್ಲೇ, ಈ ಕೆಸರಿನಲ್ಲೇ ತಿಂದು ಕೂಡಿಸಬೇಕು. ಒಂದು ಫೋಟೋಕ್ಕಾಗಿ ನಾವು ಗುಂಪನ್ನೇ ಎಬ್ಬಿಸಿದರೆ, ಕೂಡಿಸಿದ್ದರಲ್ಲಿ ಒಂದಷ್ಟು ಸುಮ್ನೆ ಖರ್ಚಾಗುತ್ತದೆ. ಎಷ್ಟು ಹತ್ತಿರ ಹೋಗಬಹುದು ಅಂತ ಹಕ್ಕಿಯೇ ಹೇಳುತ್ತದೆ. ತಿನ್ನುವುದನ್ನು ಬಿಟ್ಟು ತಲೆ ಎತ್ತಿತೇ? ಅಲ್ಲೇ ನಿಲ್ಲಿ. ನಡೆದು ದೂರ ಸರಿಯಿತೇ? ನೀವೂ ಹಿಂದೆ ಬನ್ನಿ.

ಒಂಬತ್ತರ ಹೊತ್ತಿಗೆ ನೀರು ಏರುವುದು ಚೆನ್ನಾಗಿ ಕಾಣುತ್ತದೆ. ಸಿಗಡಿ, ಮರಿಮೀನು ಒಳಗೆ ಬರುತ್ತವೆ, ಅವುಗಳ ಹಿಂದೆ ಕೆಂಬೇರಿಯಂಥ ಮೀನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನವರೆಗೂ ಬರುತ್ತದೆ. ಗಾಳಕ್ಕೆ ಇದು ಒಳ್ಳೆಯ ಹೊತ್ತು. ಆದರೆ ಗಮನಿಸಿ, ನೀರು ಏರಿದಂತೆ ಹಕ್ಕಿಗಳಿಗೆ ಉಳಿಯುವುದು ಆ ಒಂದು ಮರಳಿನ ದಿಬ್ಬ ಮಾತ್ರ. ಒಂದೇ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ಅವು ಅಲ್ಲಿ ನಿದ್ದೆ ಮಾಡುತ್ತವೆ. ಗಾಳ ಎಸೆಯಲು ಆಸೆ ಹುಟ್ಟಿಸುವ ಜಾಗವೂ ಅದೇ, ಆಳದ ನೀರು ಅದರ ಪಕ್ಕದಲ್ಲೇ ಹೋಗುತ್ತದೆ. ನಾನು ಅಲ್ಲಿಗೆ ಹೋಗುವುದಿಲ್ಲ. ಒಳಗಿನ ದಂಡೆಯಲ್ಲಿ ಕೂರುತ್ತೇನೆ. ಮೀನು ಒಂದೆರಡು ಕಡಿಮೆ ಸಿಗಬಹುದು, ಸಿಗಲಿ.

ಇನ್ನು ಗೂಡಿನ ವಿಷಯ. ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಈ ಬಿಸಿಲಿಗೆ ಅದು ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ! ತಲೆಯ ಮೇಲೆ ಕೂಗುತ್ತಾ ಸುತ್ತುತ್ತಿದ್ದರೆ ನೀವು ಗೂಡಿನ ಹತ್ತಿರ ಇದ್ದೀರಿ ಅಂತ ಅರ್ಥ. ಬಂದ ದಾರಿಯಲ್ಲೇ, ನೆಲ ನೋಡಿಕೊಂಡು ವಾಪಸ್ ಹೋಗಿ. ಹಾಗೆಯೇ ಮೀನನ್ನು ದಡದಲ್ಲಿ ಕುಯ್ದು ಕರುಳು ಎಸೆಯಬೇಡಿ. ಅದಕ್ಕೆ ಕಾಗೆ, ನಾಯಿ ಸೇರುತ್ತವೆ. ಕರುಳು ಮುಗಿದ ಮೇಲೆ ಅವು ಹುಡುಕುವುದು ಮೊಟ್ಟೆಯನ್ನು.

ನನಗೆ ತುಂಬಾ ನೋವಾಗುವುದು ಈ ತಂಗೂಸ್, ಅಂದರೆ ಗಾಳದ ನೈಲಾನ್ ದಾರ ಕಂಡಾಗ. ಕಾಂಡ್ಲಾ ಕೊಂಬೆಗೆ ಸಿಕ್ಕಿಕೊಂಡದ್ದನ್ನು ಜನ ಹಾಗೇ ಕಡಿದು ಬಿಟ್ಟು ಹೋಗುತ್ತಾರೆ. ಅದು ಕೊಳೆಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಬೆಳ್ಳಕ್ಕಿಯ ಕಾಲಿಗೋ ನೀರುಕಾಗೆಯ ರೆಕ್ಕೆಗೋ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ನಾನು ಒಂದು ಹಳೇ ಡಬ್ಬಿ ಇಟ್ಟುಕೊಂಡಿದ್ದೇನೆ, ತುಂಡು ದಾರವೆಲ್ಲ ಅದಕ್ಕೆ, ಬೇರೆಯವರು ಬಿಟ್ಟದ್ದು ಕೂಡ. ಗಾಳದ ದಾರಕ್ಕೆ ಭಾರಕ್ಕಾಗಿ ಕಟ್ಟುವ ಸೀಸದ ಗುಂಡನ್ನೂ ಬಿಡಬೇಡಿ. ಹರಳು ಅಂದುಕೊಂಡು ನುಂಗಿದ ಹಕ್ಕಿಗೆ ಸೀಸ ವಿಷ.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಬಿಡಬೇಕಾದ ಮರಿಮೀನನ್ನು ಸುಲಭವಾಗಿ ಬಿಡಿಸಬಹುದು. ಎಸೆಯುವ ಮೊದಲು ಮೇಲೆ, ಹಿಂದೆ ನೋಡಿ, ಗರುಡ ಎರೆಗೇ ಎರಗುವುದುಂಟು. ಹಕ್ಕಿಗೆ ಗಾಳ ಸಿಕ್ಕಿದರೆ ದಾರ ಕಡಿದು ಬಿಡಬೇಡಿ. ದಾರ ಹೊತ್ತುಕೊಂಡೇ ಹೋಗಿ ಎಲ್ಲೋ ಮರಕ್ಕೆ ಸಿಕ್ಕಿ ಸಾಯುತ್ತದೆ. ನಿಧಾನಕ್ಕೆ ಎಳೆದುಕೊಳ್ಳಿ, ತಲೆಯ ಮೇಲೆ ಬೈರಾಸು ಹಾಕಿ, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಕೊಕ್ಕಿನಿಂದ ನಿಮ್ಮ ಕಣ್ಣು ಜೋಪಾನ. ಮುಳ್ಳನ್ನು ಇಕ್ಕಳದಲ್ಲಿ ಕತ್ತರಿಸಿ ಗಾಳವನ್ನು ಹಿಂದಕ್ಕೆ ತೆಗೆಯಿರಿ. ನುಂಗಿಬಿಟ್ಟಿದ್ದರೆ ಮಾತ್ರ ಎಳೆಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮೇಲೆ ಹೋಯಿತಲ್ಲ, ಬಿಳಿ ಹೊಟ್ಟೆಯ ಕಡಲ ಹದ್ದು! ಕಾಸರಗೋಡು ಜಿಲ್ಲೆ 2022ರಲ್ಲಿ ತನ್ನದೇ ಹಕ್ಕಿ ಅಂತ ಆರಿಸಿದ್ದು ಇದನ್ನೇ. ಆಗಲೇ ಜಿಲ್ಲೆಯ ಜೀವಿ ಅಂತ ಆರಿಸಿದ್ದು ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆಯನ್ನು. ಅದು ಮರಳಲ್ಲಿ ಹೂತುಕೊಂಡಿರುತ್ತದೆ, ಗಾಳಕ್ಕೂ ಬೀಳುತ್ತದೆ. ಸಿಕ್ಕಿದರೆ ಅದಕ್ಕೂ ಇದೇ ಜೋಪಾನ ಬೇಕು. ಹದ್ದಿನ ಗೂಡು ಯಾವ ಮರದಲ್ಲಿದೆ ಅಂತ ನಾನು ತೋರಿಸುವುದಿಲ್ಲ, ಡ್ರೋನ್ ಅಂತೂ ಹಾರಿಸುವುದೇ ಇಲ್ಲ. ಮರಿ ಇರುವ ಸಮಯ ಇದು.

ಬರುವವರು ಭರತ ಇಳಿತದ ಸಮಯ ನೋಡಿಕೊಂಡೇ ಹೊರಡಿ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಏಳಕ್ಕೆ ಇಳಿತ ಇದ್ದರೆ, ಮುಂದಿನ ವಾರ ಇದೇ ಹೊತ್ತಿಗೆ ಭರತ. ಆಗ ಬೆಳಗ್ಗೆ ಗಾಳ, ಮಧ್ಯಾಹ್ನ ಹಕ್ಕಿ. ಟೊಪ್ಪಿ, ನೀರು ಮರೆಯಬೇಡಿ, ಈ ಮರಳಲ್ಲಿ ನೆರಳೇ ಇಲ್ಲ.